ಮೂಲೆ ಕೂಡದ ಬ್ಲಾಕು: ತಪ್ಪಿನ ಜಾಗ ಹುಡುಕುವ ಕ್ರಮ ಮತ್ತು ನಮ್ಮ ನೈದಾನಿಕ ಪರೀಕ್ಷೆ

ಲಂಬಕೋನ ಎಂದರೆ 90 ಡಿಗ್ರಿ ಎಂಬುದನ್ನು ಮಕ್ಕಳು ಹಿರಿಯ ಪ್ರಾಥಮಿಕ ಹಂತದಲ್ಲೇ ಕಲಿಯುತ್ತಾರೆ. ಪ್ರೌಢಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯದ ಲೆಕ್ಕಗಳನ್ನೂ ತ್ರಿಕೋನಮಿತಿಯ ಲೆಕ್ಕಗಳನ್ನೂ ಮಾಡುತ್ತಾರೆ. ಆದರೆ ಕೈಯಲ್ಲಿರುವ ಒಂದು ವಸ್ತುವಿನ ಮೂಲೆ ನಿಜವಾಗಿ 90 ಡಿಗ್ರಿ ಇದೆಯೇ, ಇಲ್ಲವಾದರೆ ತಪ್ಪು ಎಲ್ಲಿಂದ ಬಂತು ಎಂದು ಪತ್ತೆ ಮಾಡುವ ಅವಕಾಶ ತರಗತಿಯಲ್ಲಿ ಅಪರೂಪ. ಮೆಷಿನ್ ಶಾಪಿನವರಿಗೆ ಇದು ದಿನದ ಕೆಲಸ. ಮಿಲ್ಲಿಂಗ್ ಯಂತ್ರದಲ್ಲಿ ಕತ್ತರಿಸಿದ ಬ್ಲಾಕಿನ ಮೂಲೆ ಕೂಡದಿದ್ದರೆ ಅವರು ಒಂದು ಕ್ರಮದಲ್ಲಿ ಹುಡುಕುತ್ತಾರೆ. ಆ ಕ್ರಮವನ್ನು ವಿವರಿಸುವುದು ಈ ಲೇಖನದ ಮೊದಲ ಉದ್ದೇಶ. ಅದನ್ನು ಗಣಿತದ ಪಾಠದಲ್ಲಿ ಮತ್ತು ಬೋಧನಾಭ್ಯಾಸದ ಅವಧಿಯಲ್ಲಿ ನಾವೆಲ್ಲ ಸಿದ್ಧಪಡಿಸುವ ನೈದಾನಿಕ ಪರೀಕ್ಷೆಯಲ್ಲಿ ಹೇಗೆ ಬಳಸಬಹುದು ಎಂದು ತೋರಿಸುವುದು ಎರಡನೆಯ ಉದ್ದೇಶ.

ಸಕಲೇಶಪುರ, ಆಲೂರು ಸುತ್ತಿನ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಈ ವಿಷಯ ದೂರದ್ದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಐಟಿಐ ಸೇರುವ ಮಕ್ಕಳು ಈ ತರಗತಿಗಳಲ್ಲಿ ಕುಳಿತಿದ್ದಾರೆ. ಫಿಟ್ಟರ್ ಟ್ರೇಡಿಗೆ ಸೇರಿದವರಿಗೆ ಮೊದಲ ತಿಂಗಳುಗಳಲ್ಲೇ ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ ಮೂಲೆ ಕೂಡಿಸುವ ಕೆಲಸ ಬರುತ್ತದೆ. ಟರ್ನರ್, ಮೆಷಿನಿಸ್ಟ್ ಆದವರಿಗೆ ಅದೇ ಪ್ರಶ್ನೆ ಯಂತ್ರದ ಮೇಲೆ ಎದುರಾಗುತ್ತದೆ.

ಯಂತ್ರ ಮತ್ತು ಅದರ ಕೆಲಸ

ನಮ್ಮ ಮಲೆನಾಡಿನ ಪೇಟೆಗಳಲ್ಲಿ ಲೇತ್ ಕಾಣುವಷ್ಟು ಸುಲಭವಾಗಿ ಮಿಲ್ಲಿಂಗ್ ಯಂತ್ರ ಕಾಣಸಿಗುವುದಿಲ್ಲ. ಲೇತಿನಲ್ಲಿ ಜಾಬ್ ತಿರುಗುತ್ತದೆ, ಕತ್ತರಿಸುವ ಟೂಲ್ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಕಟರ್ ತಿರುಗುತ್ತದೆ. ಜಾಬನ್ನು ಟೇಬಲಿನ ಮೇಲಿನ ವೈಸಿನಲ್ಲಿ ಬಿಗಿದು, ಟೇಬಲನ್ನು ನಿಧಾನವಾಗಿ ಸರಿಸಿ ಕಟರಿನ ಕೆಳಗೆ ಹಾಯಿಸುತ್ತಾರೆ. ದುಂಡಗಿನ ಕೆಲಸ ಲೇತಿನದು, ಚಪ್ಪಟೆ ಮುಖದ ಮತ್ತು ಮೂಲೆಯ ಕೆಲಸ ಮಿಲ್ಲಿಂಗಿನದು ಎಂದು ಸ್ಥೂಲವಾಗಿ ಹೇಳಬಹುದು.

ಈ ಯಂತ್ರಗಳ ತಯಾರಿಕೆಗೆ ಕರ್ನಾಟಕದಲ್ಲಿ ದೊಡ್ಡ ಇತಿಹಾಸವಿದೆ. ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ನಮಗೆ ಕೈಗಡಿಯಾರದಿಂದ ಪರಿಚಯವಾದ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು ಯಂತ್ರ ತಯಾರಿಸುವ ಯಂತ್ರಗಳಿಗಾಗಿ. ಗಡಿಯಾರ ಬಂದದ್ದು ಆಮೇಲೆ. ಮಿಲ್ಲಿಂಗ್ ಯಂತ್ರಗಳಿಗೆ ಹೆಸರಾದ ಭಾರತ್ ಫ್ರಿಟ್ಜ್ ವರ್ನರ್ 1961ರಲ್ಲಿ, ಯಂತ್ರೋಪಕರಣಗಳ ಸಂಶೋಧನೆಗೆ ಮೀಸಲಾದ ಕೇಂದ್ರ ಸಂಸ್ಥೆ 1962ರಲ್ಲಿ ಅದೇ ಊರಿನಲ್ಲಿ ಶುರುವಾದವು. ಹೊಸ ಯಂತ್ರ ಕಾರ್ಖಾನೆಯಿಂದ ಹೊರಡುವ ಮೊದಲು ಅದರ ಟೇಬಲು, ಸ್ಪಿಂಡಲುಗಳ ನೇರ ಮತ್ತು ಲಂಬಗಳನ್ನು ಪಟ್ಟಿ ಹಿಡಿದು ಪರೀಕ್ಷಿಸುವ ಪದ್ಧತಿ ಇದೆ. ಈ ಪದ್ಧತಿಗೆ ಬುನಾದಿ ಹಾಕಿದವರು ಜರ್ಮನಿಯ ಪ್ರಾಧ್ಯಾಪಕ ಗೇಯಾರ್ಗ್ ಶ್ಲೆಸಿಂಗರ್. ಅವರ ಪರೀಕ್ಷಾ ಕೈಪಿಡಿ 1927ರಲ್ಲಿ ಪ್ರಕಟವಾಯಿತು.

ಮೂಲೆ ಕೂಡದಿದ್ದರೆ ಏನು ನಷ್ಟ? ಕಾಫಿ ತೋಟದ ಪಲ್ಪರನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತಿರುಗುವ ಡ್ರಮ್ಮಿಗೂ ಅದರ ಎದುರಿನ ಪಟ್ಟಿಗೂ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಡ್ರಮ್ಮಿನ ಬೇರಿಂಗ್ ಕೂರುವ ಬ್ಲಾಕಿನ ಮೂಲೆ ಓರೆಯಾದರೆ ಡ್ರಮ್ಮೂ ಓರೆಯಾಗುತ್ತದೆ. ಸಂದು ಒಂದು ತುದಿಯಲ್ಲಿ ಕಿರಿದಾಗಿ ಬೀಜ ಜಜ್ಜಿಹೋಗುತ್ತದೆ, ಇನ್ನೊಂದು ತುದಿಯಲ್ಲಿ ಅಗಲವಾಗಿ ಹಣ್ಣು ಸಿಪ್ಪೆ ಬಿಡದೆ ಹಾಗೇ ಹೊರಬರುತ್ತದೆ.

ಎಷ್ಟು ಓರೆಯಾದರೆ ತಪ್ಪು?

50 ಮಿ.ಮೀ. ಅಗಲದ ಬ್ಲಾಕೊಂದರ ಮುಖ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 0.05 ಮಿ.ಮೀ. ವಾಲಿದೆ ಎಂದುಕೊಳ್ಳೋಣ. ಅಂದರೆ 1000ಕ್ಕೆ 1ರ ಓರೆ. ಕೋನದ ಟ್ಯಾನ್ ಬೆಲೆ 0.001, ಕೋನ ಸುಮಾರು 0.057 ಡಿಗ್ರಿ. ಕೋನಮಾಪಕದಲ್ಲಿ ಇದು ಕಾಣುವುದೇ ಇಲ್ಲ.

ಹೋಲಿಕೆಗೆ ಮಕ್ಕಳಿಗೆ ಗೊತ್ತಿರುವ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಟ್ಟದ ರೈಲುಮಾರ್ಗವನ್ನು ತೆಗೆದುಕೊಳ್ಳಬಹುದು. ಅಲ್ಲಿನ ಏರು 50ಕ್ಕೆ 1. ಹಳಿಯ ಮೇಲೆ 50 ಮೀಟರ್ ಸಾಗಿದರೆ 1 ಮೀಟರ್ ಎತ್ತರ. ಗಾಡಿಗೆ ಅದು ಕಡಿದಾದ ಏರು, ನಿಂತು ನೋಡುವವರ ಕಣ್ಣಿಗೆ ಮಾತ್ರ ಬಹುತೇಕ ಸಮತಟ್ಟು. ನಮ್ಮ ಬ್ಲಾಕಿನ ಓರೆ ಅದರ ಇಪ್ಪತ್ತನೆಯ ಒಂದು ಭಾಗ. ಕಣ್ಣಿಗೆ ಕಾಣದ ಇಷ್ಟು ಸಣ್ಣ ತಪ್ಪಿನ ಮೂಲವನ್ನು ಊಹೆಯಿಂದ ಹುಡುಕಲಾಗದು. ಆದ್ದರಿಂದಲೇ ಕ್ರಮ ಬೇಕು.

ಕ್ರಮದ ತಿರುಳು ಇಷ್ಟು: ಮೊದಲು ಅಳೆಯುವ ಸಾಧನ, ಆಮೇಲೆ ಜಾಬಿನ ಹಿಡಿತ, ಕೊನೆಯಲ್ಲಿ ಯಂತ್ರ. ಪ್ರತಿ ಹಂತದಲ್ಲೂ ಒಂದೇ ಒಂದು ವಸ್ತುವನ್ನು ತಿರುಗಿಸಿ ಅಥವಾ ಬದಲಿಸಿ ನೋಡುವುದು. ತಪ್ಪು ಆ ವಸ್ತುವಿನ ಜೊತೆ ತಿರುಗಿದರೆ ಅದು ಅದರದ್ದೇ. ಇದ್ದಲ್ಲೇ ಉಳಿದರೆ ಬೇರೆ ಯಾವುದರದ್ದೋ.

ಮೊದಲು ಮೂಲೆಮಟ್ಟ

ಬ್ಲಾಕಿಗೆ ಮೂಲೆಮಟ್ಟ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡಿತು. ತಪ್ಪು ಬ್ಲಾಕಿನದೋ ಮೂಲೆಮಟ್ಟದ್ದೋ? ಒಮ್ಮೆ ಕೆಳಗೆ ಬಿದ್ದ ಮೂಲೆಮಟ್ಟವನ್ನು ನಂಬುವಂತಿಲ್ಲ. ಅದನ್ನು ಪರೀಕ್ಷಿಸಲು ಅದಕ್ಕಿಂತ ಉತ್ತಮವಾದ ಇನ್ನೊಂದು ಮೂಲೆಮಟ್ಟವೇ ಬೇಕೆಂದಿಲ್ಲ.

ನೇರ ಅಂಚಿನ ಒಂದು ಹಲಗೆ ಅಥವಾ ತಗಡಿಗೆ ಮೂಲೆಮಟ್ಟದ ಹಿಡಿಯನ್ನು ಒತ್ತಿ, ಅದರ ಅಲಗಿನ ಗುಂಟ ಒಂದು ಗೆರೆ ಎಳೆಯಬೇಕು. ಅನಂತರ ಮೂಲೆಮಟ್ಟವನ್ನು ಮಗುಚಿ ಹಾಕಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡು ಗೆರೆ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ. ಗೆರೆಗಳು ಮೇಲೆ ಹೋಗುತ್ತಾ ಅಗಲವಾದರೆ ಅದು ತಪ್ಪಿದೆ. ಮೊದಲ ಗೆರೆ ಎಡಕ್ಕೆ ವಾಲಿದಷ್ಟೇ ಎರಡನೆಯದು ಬಲಕ್ಕೆ ವಾಲುವುದರಿಂದ, ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. 200 ಮಿ.ಮೀ. ಎತ್ತರದಲ್ಲಿ ಗೆರೆಗಳ ಅಂತರ 1 ಮಿ.ಮೀ. ಇದ್ದರೆ ಮೂಲೆಮಟ್ಟದ ತಪ್ಪು 200ಕ್ಕೆ 0.5.

ಈ ವಿಧಾನದಲ್ಲಿ ಎರಡು ಲಾಭಗಳಿವೆ. ಹೊರಗಿನ ಯಾವ ಪ್ರಮಾಣವೂ ಇಲ್ಲದೆ ಸಾಧನ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ತಪ್ಪು ಇಮ್ಮಡಿಯಾಗಿ ಕಾಣುವುದರಿಂದ ಹಿಡಿಯಲು ಸುಲಭ. ಬಡಗಿಗಳಿಗೂ ಗಾರೆ ಕೆಲಸದವರಿಗೂ ಇದು ಹಳೆಯ ವಿದ್ಯೆ. ರಸಮಟ್ಟವನ್ನು ಅದೇ ಜಾಗದಲ್ಲಿ ತುದಿ ಬದಲಿಸಿ ಇಟ್ಟು ಗುಳ್ಳೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದೂ ಇದೇ ತತ್ತ್ವ.

ಎರಡನೆಯದು ಹಿಡಿತ

ಮೂಲೆಮಟ್ಟ ಸರಿಯಿದೆ ಎಂದಾದ ಮೇಲೆ ವೈಸಿನ ಕಡೆ ನೋಡಬೇಕು. ಮೂಲೆ ಕೂಡದ ಅನೇಕ ಪ್ರಸಂಗಗಳಲ್ಲಿ ಯಂತ್ರದ ದೋಷವೇ ಇರುವುದಿಲ್ಲ. ವೈಸಿಗೆ ಎರಡು ಜಾ ಇರುತ್ತವೆ. ಒಂದು ಕದಲದ ಫಿಕ್ಸೆಡ್ ಜಾ, ಇನ್ನೊಂದು ಸ್ಕ್ರೂ ತಿರುಗಿಸಿದಾಗ ಸರಿಯುವ ಜಾ. ಬ್ಲಾಕಿನ ಮೊದಲು ಕತ್ತರಿಸಿದ ಮುಖವನ್ನು ಫಿಕ್ಸೆಡ್ ಜಾಗೆ ಒತ್ತಿಟ್ಟು ಮೇಲಿನ ಮುಖವನ್ನು ಕತ್ತರಿಸುತ್ತಾರೆ. ಆ ಎರಡು ಮುಖಗಳ ನಡುವಿನ ಮೂಲೆಯೇ ನಮ್ಮ ಪ್ರಶ್ನೆ.

ಇಲ್ಲಿ ನೋಡಬೇಕಾದವು ಹೀಗಿವೆ.

ಒಂದು, ಸ್ವಚ್ಛತೆ. ಜಾ ಮತ್ತು ಬ್ಲಾಕಿನ ನಡುವೆ ಲೋಹದ ಒಂದು ಸಣ್ಣ ಚೂರು, ಅಂಚಿನಲ್ಲಿ ಉಳಿದ ಬರ್, ವೈಸಿನ ಬುಡದಲ್ಲಿ ತುಕ್ಕು, ಇವುಗಳಲ್ಲಿ ಯಾವುದಾದರೂ 0.05 ಮಿ.ಮೀ. ಓರೆಗೆ ಸಾಕು. ಜೂನ್‌ನಿಂದ ತಿಂಗಳುಗಟ್ಟಲೆ ಗಾಳಿಯೇ ಒದ್ದೆಯಾಗಿರುವ ನಮ್ಮ ಕಡೆ ಬೀಡು ಕಬ್ಬಿಣದ ಮೇಲೆ ತುಕ್ಕು ಬೇಗ ಏಳುತ್ತದೆ. ವೈಸನ್ನು ಬಿಚ್ಚಿ, ಒರೆಸಿ, ಎಣ್ಣೆ ಸವರಿ ಕೂರಿಸುವುದು ಮೊದಲ ಕೆಲಸ.

ಎರಡು, ಸರಿಯುವ ಜಾದ ಎತ್ತುವಿಕೆ. ಸ್ಕ್ರೂ ಬಿಗಿದಾಗ ಸರಿಯುವ ಜಾ ಕೊಂಚ ಮೇಲೆದ್ದು, ಬ್ಲಾಕನ್ನೂ ಎತ್ತಿ ಓರೆ ಮಾಡುತ್ತದೆ. ಇದನ್ನು ತಪ್ಪಿಸಲು ಬ್ಲಾಕಿಗೂ ಸರಿಯುವ ಜಾಗೂ ನಡುವೆ ಒಂದು ದುಂಡು ಸರಳನ್ನು ಅಡ್ಡಲಾಗಿ ಇಡುತ್ತಾರೆ. ಆಗ ಒತ್ತಡ ಒಂದೇ ಗೆರೆಯಲ್ಲಿ ಬಿದ್ದು, ಬ್ಲಾಕಿನ ಇನ್ನೊಂದು ಮುಖ ಫಿಕ್ಸೆಡ್ ಜಾಗೆ ಪೂರ್ತಿ ಅಂಟಿಕೊಳ್ಳುತ್ತದೆ. ಸರಳು ಇಟ್ಟಾಗ ಮೂಲೆ ಕೂಡಿ, ತೆಗೆದಾಗ ತಪ್ಪಿದರೆ ಕಾರಣ ಅಲ್ಲೇ ಸಿಕ್ಕಿತು.

ಮೂರು, ಕೆಳಗಿನ ಆಧಾರ. ಬ್ಲಾಕಿನ ಅಡಿಯಲ್ಲಿ ಸಮ ಎತ್ತರದ ಎರಡು ಪ್ಯಾರಲಲ್ ಪಟ್ಟಿಗಳನ್ನು ಇಡುತ್ತಾರೆ. ಅವುಗಳ ಮೇಲೆ ತೆಳು ಕಾಗದದ ಚೂರುಗಳನ್ನು ಇಟ್ಟು ಬಿಗಿದು ಎಳೆದು ನೋಡಿದರೆ, ಸುಲಭವಾಗಿ ಜಾರಿ ಬಂದ ಕಡೆ ಬ್ಲಾಕು ಕೂತಿಲ್ಲ ಎಂದರ್ಥ.

ನಾಲ್ಕು, ಕಟರಿನ ಬಾಗುವಿಕೆ. ಉದ್ದನೆಯ ಕಟರಿನಿಂದ ಬ್ಲಾಕಿನ ಪಕ್ಕವನ್ನು ಕತ್ತರಿಸುವಾಗ ಕಟರು ಒತ್ತಡಕ್ಕೆ ಬಾಗಿ ಗೋಡೆ ಓರೆಯಾಗುತ್ತದೆ. ಏನನ್ನೂ ಬದಲಿಸದೆ ಅದೇ ಜಾಗದಲ್ಲಿ ಇನ್ನೊಮ್ಮೆ ಹಾಯಿಸಿದಾಗ ಕಟರು ಮತ್ತೆ ಲೋಹ ತೆಗೆದರೆ ಮೊದಲ ಸಲ ಅದು ಬಾಗಿತ್ತು. ಕಡಿತದ ಆಳ ಕಡಿಮೆ ಮಾಡಿದಂತೆ ಓರೆಯೂ ಕಡಿಮೆಯಾದರೆ ಕಾರಣ ಬಾಗುವಿಕೆ. ಆಳ ಬದಲಾದರೂ ಓರೆ ಬದಲಾಗದಿದ್ದರೆ ಕಾರಣ ಜೋಡಣೆಯ ಜ್ಯಾಮಿತಿಯಲ್ಲಿದೆ.

ಇಷ್ಟರ ಮೇಲೂ ತಪ್ಪು ಉಳಿದರೆ ಅದನ್ನು ನಿಖರವಾಗಿ ಅಳೆಯಲು ಮತ್ತೆ ತಿರುಗಿಸುವ ಉಪಾಯವೇ ಬೇಕು. ಮೊದಲ ಮುಖ ಫಿಕ್ಸೆಡ್ ಜಾಗೆ ಅಂಟಿರುವಾಗ, ದುಂಡು ಸರಳು ಇಟ್ಟು, ಎರಡನೆಯ ಮುಖ ಕತ್ತರಿಸಿ. ಬ್ಲಾಕನ್ನು ಮೇಲೆ ಕೆಳಗೆ ಮಾಡಿ. ಮೊದಲ ಮುಖ ಮತ್ತೆ ಅದೇ ಫಿಕ್ಸೆಡ್ ಜಾಗೇ ಇರಲಿ. ಈಗ ಮೂರನೆಯ ಮುಖ ಕತ್ತರಿಸಿ. ಎರಡೂ ಸಲ ಮೂಲೆ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಎರಡನೆಯ ಮತ್ತು ಮೂರನೆಯ ಮುಖಗಳು ಸಮಾಂತರವಾಗಿರದೆ ಬೆಣೆಯಂತಿರುತ್ತವೆ. ಒಂದೊಂದು ಮೂಲೆಯಲ್ಲಿ 0.05 ಮಿ.ಮೀ. ತಪ್ಪಿದ್ದರೆ ಬ್ಲಾಕಿನ ಎರಡು ಅಂಚುಗಳ ದಪ್ಪದಲ್ಲಿ 0.10 ಮಿ.ಮೀ. ವ್ಯತ್ಯಾಸ ಬರುತ್ತದೆ. ಮೈಕ್ರೊಮೀಟರಿನಲ್ಲಿ ಇದನ್ನು ಸಲೀಸಾಗಿ ಓದಬಹುದು. ಕೋನದ ಪ್ರಶ್ನೆ ದಪ್ಪದ ಪ್ರಶ್ನೆಯಾಗಿ ಬದಲಾಯಿತು.

ಕೊನೆಯಲ್ಲಿ ಯಂತ್ರ

ಮೇಲಿನ ಅಳತೆ ಹೇಳುವುದು ಫಿಕ್ಸೆಡ್ ಜಾಗೂ ಕಟರು ಹಾಯುವ ಸಮತಲಕ್ಕೂ ಲಂಬ ಸರಿಯಿಲ್ಲ ಎಂದು ಮಾತ್ರ. ಓರೆಯಾಗಿರುವುದು ಜಾವೋ ಕಟರು ಹಿಡಿದಿರುವ ಹೆಡ್ಡೋ ಎಂದು ಅದು ಹೇಳುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಇನ್ನೊಂದು ತಿರುಗಿಸುವಿಕೆ ಬೇಕು.

ಬ್ಲಾಕನ್ನು ಪ್ಯಾರಲಲ್ ಪಟ್ಟಿಗಳ ಮೇಲೆ ಚೆನ್ನಾಗಿ ಕೂರಿಸಿ ಮೇಲ್ಮುಖ ಕತ್ತರಿಸಬೇಕು. ವೈಸ್ ಸಡಿಲಿಸಿ, ಬ್ಲಾಕನ್ನು ಬುಗುರಿಯಂತೆ ಅರ್ಧ ಸುತ್ತು, ಅಂದರೆ 180 ಡಿಗ್ರಿ, ತಿರುಗಿಸಿ ಮತ್ತೆ ಕೂರಿಸಬೇಕು. ಮುಖದ ಮೇಲೆ ಮಾರ್ಕರ್ ಬಣ್ಣ ಹಚ್ಚಿ, ಕಟರಿನ ಎತ್ತರ ಬದಲಿಸದೆ ಹಾಯಿಸಬೇಕು. ಬಣ್ಣ ಎಲ್ಲ ಕಡೆ ಒಂದೇ ರೀತಿ ಉಳಿದರೆ, ಇಲ್ಲವೇ ಒಂದೇ ರೀತಿ ಅಳಿಸಿದರೆ, ಕಟರಿನ ಸಮತಲ ಸರಿಯಿದೆ. ಹಾಗಾದರೆ ತಪ್ಪು ಫಿಕ್ಸೆಡ್ ಜಾದ್ದು. ಬಣ್ಣ ಒಂದು ಅಂಚಿನಲ್ಲಿ ಮಾತ್ರ ಅಳಿಸಿದರೆ ಕಟರಿನ ಸಮತಲಕ್ಕೂ ಕೆಳಗಿನ ಆಧಾರಕ್ಕೂ ಹೊಂದಿಕೆ ಇಲ್ಲ. ಆಗ ಎರಡು ಪ್ಯಾರಲಲ್ ಪಟ್ಟಿಗಳನ್ನು ಅದಲುಬದಲು ಮಾಡಿ ಮತ್ತೆ ನೋಡಬೇಕು. ಫಲಿತಾಂಶ ಬದಲಾದರೆ ಪಟ್ಟಿಗಳ ಎತ್ತರ ಸಮವಿಲ್ಲ. ಬದಲಾಗದಿದ್ದರೆ ವೈಸಿನ ತಳ ಅಥವಾ ಹೆಡ್.

ಹೆಡ್ಡನ್ನು ನೇರವಾಗಿ ಪರೀಕ್ಷಿಸಲು ಸ್ಪಿಂಡಲಿಗೆ ಒಂದು ತೋಳು ಕಟ್ಟಿ ಅದರ ತುದಿಗೆ ಡಯಲ್ ಗೇಜ್ ಹಾಕುತ್ತಾರೆ. ತೋಳಿನ ಉದ್ದ 100 ಮಿ.ಮೀ. ಇರಲಿ. ಗೇಜನ್ನು ಟೇಬಲಿನ ಮುಂಬದಿಯಲ್ಲಿ ತಾಗಿಸಿ ಸೊನ್ನೆ ಮಾಡಿ, ಕೈಯಿಂದ ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ ಹಿಂಬದಿಯಲ್ಲಿ ಓದುತ್ತಾರೆ. ಎರಡು ಬಿಂದುಗಳ ಅಂತರ 200 ಮಿ.ಮೀ. ವ್ಯತ್ಯಾಸ 0.20 ಮಿ.ಮೀ. ಬಂದರೆ ಓರೆ 1000ಕ್ಕೆ 1. ನಮ್ಮ ಬ್ಲಾಕಿನ ತಪ್ಪಿಗೆ ಲೆಕ್ಕ ಕೂಡಿಬಂತು. ಎರಡೂ ಕಡೆ ಅದೇ ಗೇಜ್ ಓದುವುದರಿಂದ ಗೇಜಿನ ಸೊನ್ನೆ ಎಲ್ಲಿದ್ದರೂ ವ್ಯತ್ಯಾಸಕ್ಕೆ ಬಾಧೆಯಿಲ್ಲ. ಹೆಡ್ ಓರೆ ಮಾಡಬಹುದಾದ ಯಂತ್ರಗಳಲ್ಲಿ ಬೋಲ್ಟ್ ಸಡಿಲಿಸಿ, ಮೆಲ್ಲಗೆ ತಟ್ಟಿ, ಎರಡೂ ಓದು ಒಂದಾಗುವವರೆಗೆ ಸರಿಪಡಿಸುತ್ತಾರೆ. ಬೋಲ್ಟ್ ಬಿಗಿದ ಮೇಲೆ ಇನ್ನೊಮ್ಮೆ ಓದಲೇಬೇಕು, ಏಕೆಂದರೆ ಬಿಗಿಯುವಾಗಲೂ ಹೆಡ್ ಕದಲುತ್ತದೆ.

ಕತ್ತರಿಸಿದ ಮುಖವೂ ಸುಳಿವು ಕೊಡುತ್ತದೆ. ಹೆಡ್ ಟೇಬಲ್ ಸಾಗುವ ದಿಕ್ಕಿಗೆ ಅಡ್ಡವಾಗಿ ವಾಲಿದ್ದರೆ, ಪಕ್ಕಪಕ್ಕದಲ್ಲಿ ಹಲವು ಸಲ ಹಾಯಿಸಿದ ಮುಖ ಹೆಂಚು ಹೊದಿಸಿದ ಮಾಡಿನಂತೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಸಾಗುವ ದಿಕ್ಕಿನಲ್ಲೇ ವಾಲಿದ್ದರೆ ಪ್ರತಿ ಸಾಲಿನ ನಡು ತಗ್ಗಾಗುತ್ತದೆ.

ತರಗತಿಗೆ ಒಂದು ಅವಧಿಯ ಪಾಠ

ಇಷ್ಟನ್ನೂ ಒಂಬತ್ತನೇ ತರಗತಿಗೆ ಹೇಳಬೇಕಾಗಿಲ್ಲ. 40 ನಿಮಿಷದ ಅವಧಿಗೆ ಮೂಲೆಮಟ್ಟದ ಭಾಗವೊಂದೇ ಸಾಕು. ಬೇಕಾದ ಸಾಮಗ್ರಿ: ಹಳೆಯ ಕ್ಯಾಲೆಂಡರಿನ ರಟ್ಟು, ಚೂಪಾದ ಪೆನ್ಸಿಲ್, ಜ್ಯಾಮಿತಿ ಪೆಟ್ಟಿಗೆಯ ತ್ರಿಕೋನ ಪಟ್ಟಿ, ಸ್ಕೇಲು, ಒಂದು ಹಾಳೆ.

ಅನುಕೂಲಿಸುವ ಹಂತದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ತ್ರಿಕೋನ ಪಟ್ಟಿಯ ಮೂಲೆ 90 ಡಿಗ್ರಿ ಇದೆ ಎಂದು ಹೇಗೆ ಗೊತ್ತು? "ಅಂಗಡಿಯಿಂದ ತಂದಿದ್ದು ಮಿಸ್", "ಕೋನಮಾಪಕದಲ್ಲಿ ಅಳೀಬಹುದು ಮಿಸ್" ಎಂಬ ಉತ್ತರಗಳು ಬರುತ್ತವೆ. ಹಾಗಾದರೆ ಕೋನಮಾಪಕ ಸರಿಯಿದೆ ಎಂದು ಹೇಗೆ ಗೊತ್ತು ಎಂದು ಕೇಳಿದರೆ ತರಗತಿ ಯೋಚನೆಗೆ ಬೀಳುತ್ತದೆ.

ಪರಿಶೋಧನೆಯ ಹಂತದಲ್ಲಿ ರಟ್ಟಿನ ನೇರ ಅಂಚಿಗೆ ಸ್ಕೇಲು ಇಟ್ಟು, ತ್ರಿಕೋನ ಪಟ್ಟಿಯಿಂದ ಒಂದು ಗೆರೆ, ಮಗುಚಿ ಇನ್ನೊಂದು ಗೆರೆ. 10 ಸೆಂ.ಮೀ. ಎತ್ತರದಲ್ಲಿ ಅಂತರ ಅಳೆಯಲಿ. 2 ಮಿ.ಮೀ. ಬಂದರೆ ತಪ್ಪು 1 ಮಿ.ಮೀ., ಅಂದರೆ 100ಕ್ಕೆ 1, ಸುಮಾರು 0.57 ಡಿಗ್ರಿ. ಪೆನ್ಸಿಲ್ ಮೊಂಡಾಗಿದ್ದರೆ ಗೆರೆಯ ದಪ್ಪವೇ ತಪ್ಪಿಗಿಂತ ದೊಡ್ಡದಾಗುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. ಅಳತೆಯ ಮಿತಿಯನ್ನು ಪರಿಚಯಿಸಲು ಇದು ಒಳ್ಳೆಯ ಸಂದರ್ಭ.

ವಿಸ್ತರಿಸುವ ಹಂತದಲ್ಲಿ ಹಾಳೆಯನ್ನು ಒಮ್ಮೆ ಮಡಚಿ, ಆ ಮಡಿಕೆಯ ಅಂಚು ಅದರ ಮೇಲೆಯೇ ಕೂರುವಂತೆ ಇನ್ನೊಮ್ಮೆ ಮಡಚಿಸಬೇಕು. ಯಾವ ಸಾಧನವೂ ಇಲ್ಲದೆ ಲಂಬಕೋನ ಸಿಗುತ್ತದೆ. ಒಂದು ಸರಳಕೋನ ಎರಡು ಸಮಭಾಗವಾದದ್ದರಿಂದ ಅದು 90 ಡಿಗ್ರಿಯೇ ಆಗಬೇಕು. ಮೂಲೆಮಟ್ಟ ಮಗುಚುವಾಗಲೂ ಎರಡು ಸಮಕೋನಗಳು ಸೇರಿ ಸರಳಕೋನ ಆಗುತ್ತವೆಯೇ ಎಂದೇ ನಾವು ಕೇಳಿದ್ದೆವು. ಮನೆಗೆಲಸವಾಗಿ ಬಾಗಿಲ ಚೌಕಟ್ಟಿನ ಎರಡು ಕರ್ಣಗಳನ್ನು ದಾರದಿಂದ ಅಳೆದು ಹೋಲಿಸಲು, ತೋಟದಲ್ಲಿರುವವರು ಕಾಫಿ ಒಣಗಿಸುವ ಕಣದ ಮೂಲೆಯನ್ನು 3, 4, 5 ಅಡಿಯ ದಾರದಿಂದ ಪರೀಕ್ಷಿಸಲು ಹೇಳಬಹುದು.

ಮಗುವಿನ ಉತ್ತರ ತಪ್ಪಿದಾಗ

ಇನ್ನು ನಮ್ಮ ಕೆಲಸಕ್ಕೆ ಬರೋಣ. ನೈದಾನಿಕ ಪರೀಕ್ಷೆ ಮಾಡಿ, ತಪ್ಪು ಮಾಡಿದವರ ಪಟ್ಟಿ ತಯಾರಿಸಿ, ಪರಿಹಾರ ಬೋಧನೆಗೆ ಕೂರಿಸುವುದು ನಮ್ಮ ಅಭ್ಯಾಸ. ಪರೀಕ್ಷೆಯ ಉತ್ತರ ತಪ್ಪಿದೆ ಎಂದ ಕೂಡಲೇ ನಾವು ನೇರವಾಗಿ ಮೂರನೆಯ ಹಂತಕ್ಕೆ ಜಿಗಿಯುತ್ತೇವೆ. ಮೂಲೆಮಟ್ಟ ನೋಡದೆ, ವೈಸ್ ಒರೆಸದೆ, ಹೆಡ್ಡಿನ ಬೋಲ್ಟ್ ಸಡಿಲಿಸಿದ ಹಾಗೆ. ಸರಿಯಿದ್ದ ಹೆಡ್ಡನ್ನು ಕದಲಿಸಿದರೆ ಒಂದು ತಪ್ಪು ಎರಡಾಗುತ್ತದೆ. 'ಕಲಿಕೆಯಲ್ಲಿ ಹಿಂದುಳಿದ' ಎಂಬ ಪಟ್ಟಿಗೆ ಒಮ್ಮೆ ಸೇರಿದ ಮಗುವಿನ ವಿಷಯದಲ್ಲಿ ಇದು ಇನ್ನೂ ದುಬಾರಿ. ಆ ಪಟ್ಟಿಯಲ್ಲಿ ತನ್ನ ಹೆಸರಿರುವುದು ಮಗುವಿಗೆ ಗೊತ್ತಿರುತ್ತದೆ.

ಮೊದಲು ನೋಡಬೇಕಾದದ್ದು ಅಳೆಯುವ ಸಾಧನ, ಅಂದರೆ ನಮ್ಮ ಪ್ರಶ್ನೆ. ಪೈಥಾಗೊರಸ್ ಲೆಕ್ಕಕ್ಕೆ ನಾವು ಬರೆಯುವ ಚಿತ್ರಗಳಲ್ಲಿ ಲಂಬಕೋನ ಸಾಮಾನ್ಯವಾಗಿ ಕೆಳಗಿನ ಮೂಲೆಯಲ್ಲಿ ಇರುತ್ತದೆ. ಲಂಬಕೋನ ಮೇಲಿದ್ದು, ವಿಕರ್ಣ ಕೆಳಗೆ ಮಲಗಿರುವ ಚಿತ್ರ ಕೊಟ್ಟು, ಬಾಹುಗಳು 5 ಸೆಂ.ಮೀ. ಮತ್ತು 12 ಸೆಂ.ಮೀ. ಇದ್ದಾಗ ಮೂರನೆಯದೆಷ್ಟು ಎಂದು ಕೇಳಿದರೆ, 144ರಿಂದ 25 ಕಳೆದು 119ರ ವರ್ಗಮೂಲ ಎಂದು ಬರೆಯುವ ಮಕ್ಕಳು ಸಿಗುತ್ತಾರೆ. ಇವರಿಗೆ ಪ್ರಮೇಯ ಬಾರದು ಎಂದು ತೀರ್ಮಾನಿಸುವ ಮುನ್ನ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಸಂಖ್ಯೆ, ಮಾತು ಎಲ್ಲ ಅದೇ ಇರಲಿ, ಚಿತ್ರವನ್ನು ಮಾತ್ರ ತಿರುಗಿಸಿ ಕೊಡಿ. ಈಗ 13 ಬಂದರೆ ತಪ್ಪು ಚಿತ್ರದ ಜೊತೆ ತಿರುಗಿತು. ಮಗುವಿಗೆ ಪ್ರಮೇಯ ಗೊತ್ತು. ಓರೆಯಾಗಿ ನಿಂತ ಉದ್ದನೆಯ ಗೆರೆಯೇ ವಿಕರ್ಣ ಎಂದು ಅದು ಕಲಿತಿದೆ, ನಮ್ಮ ಚಿತ್ರಗಳಿಂದಲೇ ಕಲಿತಿದೆ. ಇಲ್ಲಿ ಬೇಕಾದದ್ದು ತಿರುಗಿಸಿದ ಹತ್ತು ಚಿತ್ರಗಳಲ್ಲಿ ಲಂಬಕೋನದ ಎದುರಿನ ಬಾಹು ಗುರುತಿಸುವ ಅಭ್ಯಾಸ. ಪ್ರಮೇಯವನ್ನು ಮೊದಲಿನಿಂದ ಕಲಿಸುವ ಅಗತ್ಯವಿಲ್ಲ.

ಚಿತ್ರ ತಿರುಗಿಸಿದರೂ 119 ಉಳಿದರೆ ಸಂಖ್ಯೆ ಬದಲಿಸಿ ನೋಡಬಹುದು. 3 ಮತ್ತು 4 ಕೊಟ್ಟಾಗ ಸರಿ, 1.5 ಮತ್ತು 2 ಕೊಟ್ಟಾಗ ತಪ್ಪು ಎಂದಾದರೆ ತೊಡಕು ದಶಮಾಂಶದಲ್ಲಿದೆ. ಏಣಿ, ಗೋಡೆಯ ವಾಕ್ಯರೂಪದ ಲೆಕ್ಕ ತಪ್ಪಿದರೆ ಅದನ್ನೇ ಸರಳ ಮಾತಿನಲ್ಲಿ ಓದಿ ಹೇಳಬೇಕು. ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಮನೆಯಲ್ಲಿ ತುಳು, ತಮಿಳು ಅಥವಾ ಬೇರೆ ಭಾಷೆ ಆಡುವವರಿದ್ದಾರೆ. ಓದಿ ಹೇಳಿದಾಗ ಉತ್ತರ ಬಂದರೆ ಆ ಮಗುವಿಗೆ ಬೇಕಾದದ್ದು ಪದಗಳ ನೆರವು.

ಎರಡನೆಯದು ಹಿಡಿತ, ಅಂದರೆ ಪರೀಕ್ಷೆ ನಡೆದ ಸನ್ನಿವೇಶ. ಜುಲೈ ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗ ಉಕ್ತಲೇಖನದಂತೆ ಹೇಳಿದ ಪ್ರಶ್ನೆ ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಮೋಡ ಕವಿದ ದಿನ ಕರೆಂಟ್ ಇಲ್ಲದ ಕೋಣೆಯಲ್ಲಿ ಕಪ್ಪುಹಲಗೆಯ ಚಿತ್ರದ ಸಂಖ್ಯೆ 5 ಇದ್ದದ್ದು 6 ಆಗಿ ಕಾಣುತ್ತದೆ. ಹಿಂದಿನ ಬೆಂಚಿನ ಹಲವರಲ್ಲಿ ಒಂದೇ ತಪ್ಪು ಇದ್ದರೆ ಜಾಗ ಬದಲಿಸಿ, ಪ್ರಶ್ನೆಯನ್ನು ಬರೆದುಕೊಟ್ಟು ನೋಡಬೇಕು. ತಪ್ಪು ಬೆಂಚಿನಲ್ಲೇ ಉಳಿಯಿತೋ ಮಗುವಿನ ಜೊತೆ ಬಂತೋ ಎಂಬುದು ಆಗ ತಿಳಿಯುತ್ತದೆ.

ಇವೆರಡನ್ನೂ ದಾಟಿ ಉಳಿದ ತಪ್ಪನ್ನು ಮಾತ್ರ ಮಗುವಿನ ಪರಿಕಲ್ಪನೆಯ ತಪ್ಪು ಎನ್ನಬಹುದು. ಪರಿಹಾರ ಬೋಧನೆ ಅಲ್ಲಿಂದ ಶುರುವಾಗಲಿ.

ಹೋಲಿಕೆಯ ಮಿತಿ

ಯಂತ್ರಕ್ಕೆ ನಮ್ಮ ಮುಖ ನೋಡಲು ಬರುವುದಿಲ್ಲ, ಮಗುವಿಗೆ ಬರುತ್ತದೆ. ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, ಮೊದಲ ಉತ್ತರ ತಪ್ಪಾಗಿತ್ತು ಎಂದೇ ಮಗು ತಿಳಿದು ಸರಿಯಿದ್ದ ಉತ್ತರವನ್ನೂ ಬದಲಿಸುತ್ತದೆ. ಆದ್ದರಿಂದ ಬದಲಿಸಿದ ಪ್ರಶ್ನೆಗಳನ್ನು "ಇನ್ನೊಮ್ಮೆ ಯೋಚಿಸು" ಎಂಬ ಮಾತಿನೊಂದಿಗೆ ಕೊಡಬಾರದು. ಒಂದೆರಡು ದಿನದ ಅಂತರದಲ್ಲಿ, ಎಲ್ಲ ಮಕ್ಕಳಿಗೂ, ಬೇರೆ ಲೆಕ್ಕಗಳ ನಡುವೆ ಸೇರಿಸಿ ಕೊಡುವುದು ಒಳ್ಳೆಯದು. ಇನ್ನೊಂದು ವ್ಯತ್ಯಾಸವೂ ಇದೆ. ಬ್ಲಾಕಿನ ತಪ್ಪಿಗೆ ಎರಡು ಕಾರಣ ಸೇರಿಕೊಂಡಿರುವಂತೆ ಮಗುವಿನ ತಪ್ಪಿಗೆ ನಾಲ್ಕು ಕಾರಣ ಸೇರಿರಬಹುದು. ಒಂದನ್ನು ಸರಿಪಡಿಸಿದ ಮೇಲೆ ಮತ್ತೆ ಅಳೆಯಲೇಬೇಕು, ಬೋಲ್ಟ್ ಬಿಗಿದ ಮೇಲೆ ಡಯಲ್ ಓದುವ ಹಾಗೆ.

ದಾಖಲೆಯಲ್ಲಿ ಒಂದು ಸಣ್ಣ ಬದಲಾವಣೆ

ನೈದಾನಿಕ ಪರೀಕ್ಷೆಯ ದಾಖಲೆಯಲ್ಲಿ ಪ್ರಶ್ನೆಯ ಸಂಖ್ಯೆ, ತಪ್ಪು ಮಾಡಿದವರ ಸಂಖ್ಯೆ, ಪರಿಹಾರ ಬೋಧನೆ ಎಂದು ಅಂಕಣಗಳನ್ನು ಹಾಕುತ್ತೇವೆ. ಇವುಗಳ ನಡುವೆ ಇನ್ನೆರಡು ಅಂಕಣ ಸೇರಿಸಬಹುದು: 'ಬದಲಿಸಿದ್ದು ಏನು' ಮತ್ತು 'ತಪ್ಪು ಯಾವುದರ ಜೊತೆ ಹೋಯಿತು'. ಎರಡನ್ನೂ ತುಂಬದೆ ಪರಿಹಾರ ಬೋಧನೆಯ ಅಂಕಣಕ್ಕೆ ಹೋಗಬಾರದು ಎಂಬ ನಿಯಮವನ್ನು ನಾವೇ ಹಾಕಿಕೊಂಡರೆ ಸಾಕು. ಒಂದು ಘಟಕಕ್ಕೆ ಎಲ್ಲ ಪ್ರಶ್ನೆಗಳನ್ನೂ ಹೀಗೆ ಪರೀಕ್ಷಿಸುವಷ್ಟು ಸಮಯ ಬೋಧನಾಭ್ಯಾಸದಲ್ಲಿ ಸಿಗುವುದಿಲ್ಲ. ಹೆಚ್ಚು ಮಕ್ಕಳು ತಪ್ಪಿದ ಎರಡು ಪ್ರಶ್ನೆಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಚಿತ್ರ ತಿರುಗಿಸಿದ್ದು, ಸಂಖ್ಯೆ ಬದಲಿಸಿದ್ದು, ಮಾತು ಸರಳ ಮಾಡಿದ್ದು ಎಂದು ಮೂರು ರೂಪಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಎರಡು ಅವಧಿಗಳಲ್ಲಿ ಕೆಲಸ ಮುಗಿಯುತ್ತದೆ. ಪರಿಹಾರ ಬೋಧನೆಯ ಪಟ್ಟಿ ಆಗ ಮೊದಲಿಗಿಂತ ಚಿಕ್ಕದಾಗಬಹುದು, ಮತ್ತು ಅದರಲ್ಲಿ ಉಳಿದ ಪ್ರತಿ ಹೆಸರಿನ ಮುಂದೆ ಏನು ಕಲಿಸಬೇಕು ಎಂಬುದು ಬರೆದಿರುತ್ತದೆ.